ಲೇನ್ ಕೀಪ್ ಅಸಿಸ್ಟ್ ಬಳಸುವುದು ಹೇಗೆ? ಮೊದಲ ಡ್ರೈವ್‌ನಿಂದ ಕ್ಯಾಲಿಬ್ರೇಷನ್‌ವರೆಗೆ

ಹೊಸ ಕಾರು ತಗೊಂಡ ಎಷ್ಟೋ ಜನ ಮೊದಲ ವಾರದಲ್ಲೇ ಲೇನ್ ಅಸಿಸ್ಟ್, ಅಂದರೆ ಕಾರು ಲೇನಿನ ಗೆರೆ ದಾಟದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಆಫ್ ಮಾಡಿಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಸ್ಟೀರಿಂಗ್ ತಾನೇ ಎಳೆಯುತ್ತೆ, ಭಯ ಆಗುತ್ತೆ" ಅನ್ನುತ್ತಾರೆ. ಇನ್ನು ಕೆಲವರದು ಪೂರ್ತಿ ಉಲ್ಟಾ. ಕಾರು ತನ್ನ ಪಾಡಿಗೆ ತಾನು ಹೋಗುತ್ತದೆ ಅಂತ ನಂಬಿ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಎರಡೂ ತಪ್ಪು, ಎರಡಕ್ಕೂ ಕಾರಣ ಒಂದೇ. ಈ ವ್ಯವಸ್ಥೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಯಾರೂ ಅವರಿಗೆ ಕೂರಿಸಿಕೊಂಡು ಹೇಳಿಲ್ಲ.

ಇದು ಯಾಕೆ ಬೇಕು ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಲೇನ್ 3.5 ಮೀಟರ್ ಅಗಲ, ಕಾರು 1.8 ಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಸರಿಯಾಗಿ ನಡುವೆ ಇದ್ದರೂ ಎರಡೂ ಕಡೆ ಉಳಿಯುವುದು 85 ಸೆಂಟಿಮೀಟರ್ ಮಾತ್ರ. ಕಾರಿನ ಮೂತಿ ಬರೀ 1 ಡಿಗ್ರಿ ವಾಲಿದರೂ ಸೆಕೆಂಡಿಗೆ ಅರ್ಧ ಮೀಟರ್ ಪಕ್ಕಕ್ಕೆ ಜಾರುತ್ತದೆ. ಅಂದರೆ ಎರಡು ಸೆಕೆಂಡ್ ಆಗುವುದರೊಳಗೆ ಚಕ್ರ ಗೆರೆಯ ಮೇಲಿರುತ್ತದೆ. ಒಂದು ಸೀನು ಬಂದು ಹೋಗುವಷ್ಟು ಹೊತ್ತು ಅಷ್ಟೇ, ಅಲ್ವಾ? ಆ ಎರಡು ಸೆಕೆಂಡಿಗಾಗಿಯೇ ಈ ತಂತ್ರಜ್ಞಾನ ಬಂದಿರುವುದು. ನಿಮ್ಮ ಬದಲು ಓಡಿಸುವುದಕ್ಕಲ್ಲ.

ಹಂತ 1: ನಿಮ್ಮ ಕಾರಿನಲ್ಲಿ ಇರುವುದು ಯಾವುದು ಅಂತ ಮೊದಲು ತಿಳಿಯಿರಿ

"ಲೇನ್ ಅಸಿಸ್ಟ್ ಇದೆ" ಅಂತ ಹೇಳಿದರೆ ಸಾಲದು. ಈ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಕೆಲಸ ಮಾಡುವ ಮೂರು ವ್ಯವಸ್ಥೆಗಳಿವೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಮೊದಲನೆಯದು ಲೇನ್ ಡಿಪಾರ್ಚರ್ ವಾರ್ನಿಂಗ್. ಇದು ಬರೀ ಹೇಳುತ್ತದೆ, ಏನೂ ಮಾಡುವುದಿಲ್ಲ. ಗೆರೆ ದಾಟುತ್ತಿದ್ದರೆ ಬೀಪ್ ಅನ್ನುತ್ತದೆ, ಇಲ್ಲವೇ ಸ್ಟೀರಿಂಗ್ ಅಥವಾ ಸೀಟನ್ನು ನಡುಗಿಸುತ್ತದೆ. ಹುಟ್ಟಿದ್ದೂ ಇದೇ ಮೊದಲು. 2000ದಲ್ಲಿ ಯುರೋಪಿನಲ್ಲಿ ಮರ್ಸಿಡಿಸ್ ಆಕ್ಟ್ರೋಸ್ ಟ್ರಕ್‌ಗಳಿಗೆ ಬಂತು. ರಾತ್ರಿಯೆಲ್ಲ ಓಡಿಸುವ ಟ್ರಕ್ ಚಾಲಕರಿಗೆ ಇದು ಮೊದಲು ಸಿಕ್ಕಿದ್ದು ಸರಿಯಾಗಿಯೇ ಇದೆ.

ಎರಡನೆಯದು ಲೇನ್ ಕೀಪ್ ಅಸಿಸ್ಟ್. ಇದು ಗೆರೆಯ ಹತ್ತಿರ ಹೋದಾಗ ಮಾತ್ರ ಎದ್ದು, ಸ್ಟೀರಿಂಗನ್ನು ಸ್ವಲ್ಪ ಒಳಕ್ಕೆ ತಿರುಗಿಸುತ್ತದೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಬದಲು ಒಂದು ಕಡೆಯ ಚಕ್ರಕ್ಕೆ ಹಗುರವಾಗಿ ಬ್ರೇಕ್ ಹಾಕಿ ಕಾರನ್ನು ಒಳಕ್ಕೆ ತರುತ್ತದೆ. ಮಿಕ್ಕ ಹೊತ್ತು ಸುಮ್ನೆ ಇರುತ್ತದೆ.

ಮೂರನೆಯದು ಲೇನ್ ಸೆಂಟರಿಂಗ್. ಇದು ಗೆರೆಯ ಹತ್ತಿರ ಹೋಗುವವರೆಗೆ ಕಾಯುವುದೇ ಇಲ್ಲ. ಆನ್ ಇರುವಷ್ಟು ಹೊತ್ತೂ ಕಾರನ್ನು ಲೇನಿನ ನಡುವೆ ಹಿಡಿದಿಡಲು ಸ್ಟೀರಿಂಗನ್ನು ಸಣ್ಣಗೆ ತಿದ್ದುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ (ಮುಂದಿನ ವಾಹನದ ದೂರ ನೋಡಿಕೊಂಡು ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ಜೊತೆ ಕೆಲಸ ಮಾಡುತ್ತದೆ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅಂತ ಸೊಸೈಟಿ ಆಫ್ ಆಟೋಮೋಟಿವ್ ಎಂಜಿನಿಯರ್ಸ್ ಮಾಡಿರುವ 0ಯಿಂದ 5ರವರೆಗಿನ ವರ್ಗೀಕರಣದಲ್ಲಿ ಮೊದಲ ಎರಡೂ ಲೆವೆಲ್ 0. ಸೆಂಟರಿಂಗ್ ಮತ್ತು ಅಡಾಪ್ಟಿವ್ ಕ್ರೂಸ್ ಎರಡೂ ಒಟ್ಟಿಗೆ ಇದ್ದರೆ ಲೆವೆಲ್ 2. ಲೆವೆಲ್ 2ರಲ್ಲೂ ಓಡಿಸುವವರು ನೀವೇ, ಜವಾಬ್ದಾರಿಯೂ ನಿಮ್ಮದೇ. ಇದನ್ನು ದಯವಿಟ್ಟು ಎರಡು ಸಲ ಓದಿ.

ಯಾವುದಿದೆ ಅಂತ ತಿಳಿಯಲು ಕಾರಿನ ಮ್ಯಾನ್ಯುಯಲ್ ತೆಗೆದು ಆ ಅಧ್ಯಾಯ ಓದುವುದೇ ದಾರಿ. ಬ್ರೋಷರ್ ಸಾಲದು. ಮ್ಯಾನ್ಯುಯಲ್‌ನಲ್ಲಿ ಎರಡು ವಿಷಯ ಹುಡುಕಿ ಗುರುತು ಹಾಕಿಕೊಳ್ಳಿ. ಒಂದು, ಎಷ್ಟು ವೇಗದಿಂದ ಕೆಲಸ ಶುರು ಮಾಡುತ್ತದೆ. ತುಂಬಾ ಕಾರುಗಳಲ್ಲಿ ಎಚ್ಚರಿಸುವ ಮತ್ತು ತಿದ್ದುವ ವ್ಯವಸ್ಥೆಗಳು ಗಂಟೆಗೆ 60-65 ಕಿ.ಮೀ. ದಾಟಿದ ಮೇಲೆಯೇ ಏಳುತ್ತವೆ. ಇನ್ನೊಂದು, ಒಂದು ಕಡೆ ಮಾತ್ರ ಗೆರೆ ಇದ್ದರೆ ಏನು ಮಾಡುತ್ತದೆ. ಕೆಲವು ವ್ಯವಸ್ಥೆಗಳು ಒಂದೇ ಗೆರೆ ಇದ್ದರೂ ಆ ಕಡೆಯನ್ನು ಕಾಯುತ್ತವೆ, ಕೆಲವಕ್ಕೆ ಎರಡೂ ಕಡೆ ಗೆರೆ ಬೇಕು.

ಹಂತ 2: ಕಾರಿನ ಕಣ್ಣನ್ನು ಹುಡುಕಿ, ಒರೆಸಿ

ಒಳಗಿನ ಹಿನ್ನೋಟದ ಕನ್ನಡಿಯ ಹಿಂದೆ, ಗಾಜಿಗೆ ಅಂಟಿದ ಹಾಗೆ ಒಂದು ಕಪ್ಪು ಡಬ್ಬಿ ಇರುತ್ತದೆ. ಹೊರಗೆ ನಿಂತು ನೋಡಿದರೆ ಅದರಲ್ಲಿ ಪುಟ್ಟ ಲೆನ್ಸ್ ಕಾಣುತ್ತದೆ. ಕಡಲೆಕಾಳಿನಷ್ಟು ಇರಬಹುದು. ಲೇನ್ ನೋಡುವ ಕೆಲಸ ಬಹುತೇಕ ಅದೊಂದರ ಮೇಲೇ ನಿಂತಿದೆ. ಮುಂದಿನ ಬಂಪರ್‌ನಲ್ಲಿರುವ ರಾಡಾರ್ ವಾಹನಗಳ ದೂರ ಅಳೆಯುತ್ತದೆ. ಬಣ್ಣದ ಗೆರೆ ಅದಕ್ಕೆ ಕಾಣುವುದಿಲ್ಲ.

ಕ್ಯಾಮೆರಾ ಮಾಡುವುದು ಇಷ್ಟು: ಕಪ್ಪು ರಸ್ತೆಯ ಮೇಲೆ ಬಿಳಿ ಅಥವಾ ಹಳದಿ ಗೆರೆ ಎದ್ದು ಕಾಣುವುದನ್ನು ಹಿಡಿಯುತ್ತದೆ. ಎಡ, ಬಲ ಎರಡೂ ಗೆರೆ ಎತ್ತ ಬಾಗುತ್ತಿವೆ ಅಂತ ಲೆಕ್ಕ ಹಾಕುತ್ತದೆ. ಈಗಿನ ವೇಗದಲ್ಲಿ, ಈಗಿನ ದಿಕ್ಕಿನಲ್ಲಿ ಹೋದರೆ ಚಕ್ರ ಯಾವಾಗ ಗೆರೆ ಮುಟ್ಟುತ್ತದೆ ಅಂತ ಅಂದಾಜು ಮಾಡುತ್ತದೆ. ಆ ಹೊತ್ತು ಹತ್ತಿರ ಬಂತು, ಇಂಡಿಕೇಟರ್ ಬೇರೆ ಹಾಕಿಲ್ಲ ಅಂದರೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಮೋಟಾರಿಗೆ ಹೇಳಿ ಸ್ವಲ್ಪ ತಿರುಗಿಸುತ್ತದೆ. ದಿನವೂ ಪಾರ್ಕಿಂಗ್ ಮಾಡುವಾಗ ಸ್ಟೀರಿಂಗನ್ನು ಹಗುರ ಮಾಡುವ ಮೋಟಾರೇ ಇದು.

ಹಾಗಾಗಿ ಕ್ಯಾಮೆರಾದ ಎದುರಿನ ಗಾಜು ಶುಚಿಯಾಗಿರಬೇಕು. ಹೊರಗಡೆ ಸುಲಭ, ವೈಪರ್ ಆ ಜಾಗ ಮುಟ್ಟುತ್ತದೆ. ಆದರೆ ಹಳೆಯ ವೈಪರ್ ಸರಿಯಾಗಿ ಆ ಲೆನ್ಸ್ ಎದುರೇ ಒಂದು ನೀರಿನ ಗೀಟು ಬಿಡುವುದುಂಟು. ಚಾಲಕನ ಸೀಟಿನಿಂದ ಅದು ಕಾಣಿಸುವುದೇ ಇಲ್ಲ. ವೈಪರ್ ರಬ್ಬರ್ ಬದಲಾಯಿಸುವುದು ಕೂಡ ಲೇನ್ ಅಸಿಸ್ಟ್‌ನ ಆರೈಕೆಯೇ. ಇನ್ನು ಕನ್ನಡಿಗೆ ನೇತುಹಾಕಿದ ಗೊಂಬೆ, ಗಾಜಿನ ಮೇಲ್ಭಾಗಕ್ಕೆ ಅಂಟಿಸಿದ ಸ್ಟಿಕರ್, ಡ್ಯಾಶ್‌ಕ್ಯಾಮ್, ಟಿಂಟ್ ಪಟ್ಟಿ, ಇವೆಲ್ಲ ಆ ಡಬ್ಬಿಯ ದಾರಿಯಿಂದ ದೂರ ಇರಲಿ. ಡ್ಯಾಶ್‌ಬೋರ್ಡ್ ಮೇಲೆ ಬಿಳಿ ಕಾಗದ ಇಟ್ಟರೆ ಅದರ ಪ್ರತಿಬಿಂಬ ಗಾಜಿನಲ್ಲಿ ಬೀಳುತ್ತದೆ. ಅದು ನಿಮ್ಮ ಕಣ್ಣಿಗೂ ತೊಂದರೆ, ಕ್ಯಾಮೆರಾಕ್ಕೂ ತೊಂದರೆ. ಡಬ್ಬಿಯನ್ನು ಬಿಚ್ಚಿ ಒಳಗೆ ಒರೆಸಲು ಮಾತ್ರ ಹೋಗಬೇಡಿ. ಒಂದು ಕೂದಲೆಳೆ ಅಲುಗಿದರೂ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಹಂತ 3: ನಿಂತ ಕಾರಿನಲ್ಲೇ ಬಟನ್, ಐಕಾನ್ ಕಲಿಯಿರಿ

ಓಡಿಸುತ್ತಾ ಮೆನು ಹುಡುಕುವುದು ಅಪಾಯ. ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹತ್ತು ನಿಮಿಷ ಕೂತುಕೊಳ್ಳಿ. ಆನ್-ಆಫ್ ಎಲ್ಲಿದೆ, ಬಟನ್ನೋ ಮೆನುವೋ ನೋಡಿ. ಕತ್ತಲಲ್ಲೂ ಕೈಗೆ ಸಿಗಬೇಕು.

ಐಕಾನ್ ಸಾಮಾನ್ಯವಾಗಿ ಎರಡು ಗೆರೆಗಳ ನಡುವಿನ ಪುಟ್ಟ ಕಾರು, ಅಥವಾ ಎರಡು ಗೆರೆಗಳ ನಡುವಿನ ಸ್ಟೀರಿಂಗ್. ಬೂದು ಅಥವಾ ಬಿಳಿ ಇದ್ದರೆ ಆನ್ ಆಗಿದೆ, ಆದರೆ ಗೆರೆ ಕಂಡಿಲ್ಲ. ಹಸಿರಾದರೆ ಗೆರೆ ಸಿಕ್ಕಿದೆ, ಕೆಲಸಕ್ಕೆ ಸಿದ್ಧ. ಹಳದಿ ಬಂದರೆ ಎಚ್ಚರಿಕೆ ಅಥವಾ ದೋಷ. ಬಣ್ಣಗಳ ಅರ್ಥ ಕಾರಿನಿಂದ ಕಾರಿಗೆ ಸ್ವಲ್ಪ ಬದಲಾಗುತ್ತದೆ, ಮ್ಯಾನ್ಯುಯಲ್ ಪಕ್ಕದಲ್ಲಿ ಇಟ್ಟುಕೊಂಡೇ ನೋಡಿ. "ಆನ್ ಇದೆ" ಬೇರೆ, "ಕೆಲಸ ಮಾಡುತ್ತಿದೆ" ಬೇರೆ. ಈ ವ್ಯತ್ಯಾಸ ತಿಳಿಯದೆ ಬೂದು ಐಕಾನ್ ನಂಬಿಕೊಂಡು ಮೈಲುಗಟ್ಟಲೆ ಹೋಗುವವರಿದ್ದಾರೆ.

ಸೆಟ್ಟಿಂಗ್‌ನಲ್ಲಿ ಎಚ್ಚರಿಕೆ ಬೇಗ ಬರಬೇಕೋ ತಡವಾಗಿ ಬರಬೇಕೋ ಅಂತ ಆಯ್ಕೆ ಇದ್ದರೆ, ಶುರುವಿನಲ್ಲಿ ನಡುವಿನದನ್ನು ಇಡಿ. "ಬೇಗ" ಇಟ್ಟರೆ ಬೀಪ್ ಜಾಸ್ತಿ, ತಲೆನೋವಾಗಿ ನೀವೇ ಆಫ್ ಮಾಡುತ್ತೀರಿ. ಶಬ್ದ ಮತ್ತು ನಡುಕ ಎರಡರಲ್ಲಿ ಆಯ್ಕೆ ಇದ್ದರೆ ನನ್ನ ಮತ ನಡುಕಕ್ಕೆ. ಅದು ನಿಮ್ಮ ಕೈಗೆ ಮಾತ್ರ ಗೊತ್ತಾಗುತ್ತದೆ, ಹಿಂದೆ ಮಲಗಿದ ಮಗು ಏಳುವುದಿಲ್ಲ.

ಇನ್ನೊಂದು ಮಾತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ತುರ್ತು ಲೇನ್ ಕೀಪಿಂಗ್ ವ್ಯವಸ್ಥೆ ಇರಲೇಬೇಕು. ನೀವು ಆಫ್ ಮಾಡಿದರೂ ಮುಂದಿನ ಸಲ ಕಾರು ಸ್ಟಾರ್ಟ್ ಮಾಡಿದಾಗ ಅದು ತಾನೇ ಆನ್ ಆಗಿರುತ್ತದೆ. ಇಂಥ ಕಾರಿನಲ್ಲಿ "ನಿನ್ನೆ ಆಫ್ ಮಾಡಿದ್ದೆನಲ್ಲ" ಅಂತ ಗಾಬರಿ ಬೀಳಬೇಡಿ.

ಹಂತ 4: ಮೊದಲ ಅಭ್ಯಾಸ

ಇದು ಈ ಬರಹದ ಮುಖ್ಯ ಭಾಗ. ಹಗಲು, ಒಣ ರಸ್ತೆ, ಗೆರೆ ಹೊಸದಾಗಿ ಬಳಿದಿರುವ ನೇರ ಹೆದ್ದಾರಿ, ಹಿಂದೆ ಮುಂದೆ ವಾಹನ ಕಡಿಮೆ ಇರುವ ಹೊತ್ತು ಆರಿಸಿ. ಜೊತೆಗೆ ಒಬ್ಬರು ಇರಲಿ. ಡ್ಯಾಶ್‌ಬೋರ್ಡ್ ನೋಡಿ ಹೇಳುವ ಕೆಲಸ ಅವರದು, ರಸ್ತೆ ನೋಡುವ ಕೆಲಸ ನಿಮ್ಮದು.

ಸ್ಟೀರಿಂಗನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಎರಡೂ ಕೈಯಲ್ಲಿ ಹಿಡಿಯಿರಿ. ವೇಗ 70 ದಾಟಲಿ. ಪಕ್ಕದಲ್ಲಿ ಕೂತವರು "ಹಸಿರಾಯ್ತು" ಅನ್ನುವವರೆಗೆ ಏನೂ ಮಾಡಬೇಡಿ.

ಪಕ್ಕದ ಲೇನ್ ಖಾಲಿ ಇದೆ ಅಂತ ಕನ್ನಡಿಯಲ್ಲಿ, ತಲೆ ತಿರುಗಿಸಿ ಎರಡು ಸಲ ನೋಡಿಕೊಳ್ಳಿ. ಈಗ ಇಂಡಿಕೇಟರ್ ಹಾಕದೆ, ತುಂಬಾ ನಿಧಾನವಾಗಿ ಕಾರನ್ನು ಆ ಗೆರೆಯ ಕಡೆಗೆ ಬಿಡಿ. ಕೈ ಸ್ಟೀರಿಂಗ್ ಮೇಲೇ ಇರಲಿ, ಹಿಡಿತ ಮಾತ್ರ ಸಡಿಲ ಇರಲಿ. ಗೆರೆಗೆ ಇನ್ನು ಒಂದು ಮೊಳ ಇದೆ ಅನ್ನುವಷ್ಟರಲ್ಲಿ ಸ್ಟೀರಿಂಗ್‌ಗೆ ಜೀವ ಬಂದ ಹಾಗಾಗುತ್ತದೆ. ಅದು ಜಗ್ಗುವುದಲ್ಲ. ಸೈಕಲ್ ಕಲಿಯುವಾಗ ಹಿಂದೆ ಸೀಟು ಹಿಡಿದವರು ಒಂದು ಕಡೆ ಸ್ವಲ್ಪ ಒತ್ತುತ್ತಿದ್ದರಲ್ಲ, ಅಂಥದ್ದು. ಕಾರು ಒಳಕ್ಕೆ ಬರುತ್ತದೆ, ಎಳೆತ ನಿಲ್ಲುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ತಿದ್ದುವ ವ್ಯವಸ್ಥೆ ನಿಮ್ಮನ್ನು ಗೆರೆಯಿಂದ ಒಳಕ್ಕೆ ಕಳಿಸುತ್ತದೆ ಅಷ್ಟೇ, ನೇರ ಮಾಡುವುದು ನೀವೇ. ಬಿಟ್ಟರೆ ಆ ಕಡೆಯ ಗೆರೆಗೆ ಹೋಗಿ, ಅಲ್ಲಿಂದ ಈ ಕಡೆ ಬಂದು, ಚೆಂಡು ಪುಟಿದ ಹಾಗೆ ಹೋಗುತ್ತದೆ. ಸೆಂಟರಿಂಗ್ ಇರುವ ಕಾರಿನಲ್ಲಿ ಹೀಗಾಗಬಾರದು. ಹೀಗಾದರೆ ಏನೋ ಸರಿ ಇಲ್ಲ ಅಂತ ತಿಳಿಯಿರಿ.

ಈಗ ಎರಡನೇ ಪ್ರಯೋಗ, ಭಯ ಹೋಗುವುದಕ್ಕೆ. ಮತ್ತೆ ಹಾಗೇ ಗೆರೆಯ ಹತ್ತಿರ ಬಿಡಿ. ಎಳೆತ ಶುರುವಾದಾಗ ಬಿಟ್ಟುಕೊಡದೆ ಸ್ಟೀರಿಂಗನ್ನು ಗೆರೆಯ ಕಡೆಗೇ ತಿರುಗಿಸಿ ಗೆರೆ ದಾಟಿ. ಎಷ್ಟು ಸುಲಭ ಅಂತ ಆಶ್ಚರ್ಯ ಆಗುತ್ತದೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ಸ್ಟೀರಿಂಗ್ ನಿಯಮ ಆರ್79ರ ಪ್ರಕಾರ, ಇಂಥ ವ್ಯವಸ್ಥೆಯನ್ನು ಮೀರಲು ಚಾಲಕ 50 ನ್ಯೂಟನ್‌ಗಿಂತ ಜಾಸ್ತಿ ಬಲ ಹಾಕುವ ಹಾಗಿರಬಾರದು. ಐದು ಕಿಲೋ ಚೀಲ ಎತ್ತುವಷ್ಟು ಬಲ ಅದು. ನಿಮ್ಮ ಕೈಯೇ ಯಾವಾಗಲೂ ಗೆಲ್ಲುತ್ತದೆ. "ಕಾರು ನನ್ನ ಮಾತು ಕೇಳದೆ ಎಳೆದುಕೊಂಡು ಹೋದರೆ?" ಅನ್ನುವ ಹೆದರಿಕೆ ಈ ಒಂದು ಪ್ರಯೋಗದಲ್ಲಿ ಮುಕ್ಕಾಲು ಪಾಲು ಹೋಗುತ್ತದೆ.

ಮೂರನೆಯದು, ಇಂಡಿಕೇಟರ್ ಹಾಕಿ ಅದೇ ಗೆರೆ ದಾಟಿ. ಸ್ಟೀರಿಂಗ್ ಸುಮ್ಮನಿರುತ್ತದೆ, ಬೀಪ್ ಕೂಡ ಇಲ್ಲ. ಇಂಡಿಕೇಟರ್ ಹಾಕುವುದೆಂದರೆ "ನಾನು ಬೇಕಂತಲೇ ಹೋಗುತ್ತಿದ್ದೇನೆ" ಅಂತ ಕಾರಿಗೆ ಹೇಳುವುದು. "ಈ ಲೇನ್ ಅಸಿಸ್ಟ್ ಕಾಟ ಕೊಡುತ್ತೆ" ಅನ್ನುವ ದೂರುಗಳಲ್ಲಿ ಬಹಳಷ್ಟು ಇಂಡಿಕೇಟರ್ ಹಾಕದೆ ಲೇನ್ ಬದಲಿಸುವವರದ್ದೇ. ನಾನೂ ಮೊದಲು ಖಾಲಿ ರಸ್ತೆಯಲ್ಲಿ ಇಂಡಿಕೇಟರ್ ಯಾಕೆ ಅಂತ ಬಿಡುತ್ತಿದ್ದೆ. ಆ ಅಭ್ಯಾಸ ತಪ್ಪಿಸಿದ್ದು ಈ ಎಳೆತವೇ.

ಈ ಮೂರನ್ನೂ ಎರಡೂ ಕಡೆಗೆ ಮಾಡಿ. ಒಂದೇ ದಿನ ಎಲ್ಲ ಬೇಡ.

ಹಂತ 5: ಕೈ ಸ್ಟೀರಿಂಗ್ ಮೇಲೆ

ಸೆಂಟರಿಂಗ್ ಇರುವ ಕಾರಿನಲ್ಲಿ ಕೈ ಬಿಟ್ಟರೆ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೀರಿಂಗ್ ಹಿಡಿದ ಕೈಗಳ ಚಿತ್ರ ಬರುತ್ತದೆ. ಆರ್79ರ ಪ್ರಕಾರ ಹೆಚ್ಚೆಂದರೆ 15 ಸೆಕೆಂಡಿಗೆ ಆ ಚಿತ್ರ ಬರಬೇಕು, 30 ಸೆಕೆಂಡಿಗೆ ಕೆಂಪಾಗಿ ಶಬ್ದವೂ ಸೇರಬೇಕು. ಆಮೇಲೂ ಹಿಡಿಯದಿದ್ದರೆ ವ್ಯವಸ್ಥೆ ಕೈಬಿಡುತ್ತದೆ.

ಕೈ ಇದೆಯೋ ಇಲ್ಲವೋ ಅಂತ ತಿಳಿಯಲು ಎರಡು ವಿಧಾನ ಇವೆ. ಹಲವು ಕಾರುಗಳಲ್ಲಿ ಸ್ಟೀರಿಂಗ್ ಮೇಲೆ ಬೀಳುವ ತಿರುಚು ಬಲ ಅಳೆಯುತ್ತಾರೆ. ಇದರಲ್ಲಿ ಒಂದು ತೊಡಕು. ನೇರ ರಸ್ತೆಯಲ್ಲಿ ನೀವು ಹಿಡಿದೇ ಇದ್ದರೂ ಬಲ ಬೀಳದ ಕಾರಣ "ಕೈ ಇಡಿ" ಅಂತ ಬೈಯುತ್ತದೆ. ಆಗ ಸ್ಟೀರಿಂಗನ್ನು ಸಣ್ಣಗೆ ಒಂದು ಕಡೆ ಒತ್ತಿದರೆ ಸಾಕು. ಇನ್ನೊಂದರಲ್ಲಿ, ಫೋನಿನ ಪರದೆಯ ಹಾಗೆ, ಸ್ಟೀರಿಂಗ್ ಸುತ್ತ ಸ್ಪರ್ಶ ತಿಳಿಯುವ ಪದರ ಇರುತ್ತದೆ. ಇದರಲ್ಲಿ ಬೆರಳು ತಾಗಿದರೂ ಗೊತ್ತಾಗುತ್ತದೆ. ಸ್ಟೀರಿಂಗ್‌ಗೆ ಬಾಟಲಿ ಸಿಕ್ಕಿಸಿ, ಭಾರ ಕಟ್ಟಿ ಕಾರನ್ನು ಮೋಸ ಮಾಡುವ ವಿಡಿಯೋಗಳಿವೆ. ದಯವಿಟ್ಟು ಮಾಡಬೇಡಿ. ಆ ಭಾರ ಕಟ್ಟಿದಾಗ ಮೋಸ ಹೋಗುವುದು ಹಿಂದಿನ ಸೀಟಿನಲ್ಲಿ ಕೂತವರು.

ಹಂತ 6: ಅದಕ್ಕೆ ಕಾಣದ ಜಾಗಗಳನ್ನು ಗುರುತಿಸಿ

ಮಳೆ ಬಂದ ರಾತ್ರಿಯನ್ನು ನೆನಪಿಸಿಕೊಳ್ಳಿ. ಒದ್ದೆ ರಸ್ತೆ ಕನ್ನಡಿಯಂತಾಗಿ ಎದುರಿನ ಹೆಡ್‌ಲೈಟ್‌ಗಳು ಉದ್ದುದ್ದ ಗೆರೆಗಳಾಗಿ ಬಿದ್ದಿರುತ್ತವೆ. ಬಿಳಿ ಬಣ್ಣದ ಮೇಲೆ ನೀರು ನಿಂತು ಅದು ಮಾಯ. ನಿಮಗೇ ಗೆರೆ ಕಾಣುವುದಿಲ್ಲ ಅಂದರೆ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದಕ್ಕೆ ಬೇರೆ ದಿವ್ಯದೃಷ್ಟಿ ಇಲ್ಲ. ಇಂಥ ಹೊತ್ತಲ್ಲಿ ಐಕಾನ್ ಹಸಿರು, ಬೂದು, ಹಸಿರು ಅಂತ ಹೊಯ್ದಾಡುತ್ತದೆ. ಹಾಗೆ ಹೊಯ್ದಾಡುವುದು ಕಂಡರೆ ಸೆಂಟರಿಂಗ್ ಆಫ್ ಮಾಡಿ ನೀವೇ ಓಡಿಸಿ. ಬೆಳಿಗ್ಗೆ, ಸಂಜೆ ಸೂರ್ಯ ನೇರವಾಗಿ ಗಾಜಿಗೆ ಹೊಡೆಯುವಾಗ, ದಟ್ಟ ಮಂಜಿನಲ್ಲಿ, ಸುರಂಗದಿಂದ ಹೊರಬರುವ ಒಂದೆರಡು ಕ್ಷಣ ಕೂಡ ಇದೇ ಕಥೆ.

ಕಾಣದೇ ಇರುವುದಕ್ಕಿಂತ ಅಪಾಯ ತಪ್ಪಾಗಿ ಕಾಣುವುದು. ಕಾಮಗಾರಿ ನಡೆಯುವ ಜಾಗದಲ್ಲಿ ಹಳೆಯ ಗೆರೆಯನ್ನು ಕಪ್ಪು ಬಣ್ಣದಲ್ಲಿ ಮುಚ್ಚಿ ಪಕ್ಕದಲ್ಲಿ ಹೊಸ ಗೆರೆ ಎಳೆದಿರುತ್ತಾರೆ. ಬಿಸಿಲಿಗೆ ಆ ಕಪ್ಪು ಬಣ್ಣ ಮಿಂಚಿ ಹಳೆಯದೇ ಗೆರೆಯಾಗಿ ಕಾಣಬಹುದು. ಬಿರುಕು ಮುಚ್ಚಲು ಉದ್ದಕ್ಕೆ ಸುರಿದ ಡಾಂಬರು ಕೂಡ ಹೀಗೆ ಮೋಸ ಮಾಡುತ್ತದೆ. ಕೋನ್‌ಗಳು ಕಂಡ ಕೂಡಲೇ ನಾನು ಬಟನ್ ಒತ್ತಿ ಆಫ್ ಮಾಡುತ್ತೇನೆ, ಯೋಚನೆಯನ್ನೇ ಮಾಡುವುದಿಲ್ಲ.

ಹೆದ್ದಾರಿಯಿಂದ ಹೊರಹೋಗುವ ದಾರಿ ಕವಲೊಡೆಯುವ ಜಾಗ ಇನ್ನೊಂದು. ಅಲ್ಲಿ ಒಂದು ಕಡೆಯ ಗೆರೆ ಹೊರಕ್ಕೆ ಬಾಗುತ್ತದೆ, ಲೇನ್ ಇದ್ದಕ್ಕಿದ್ದ ಹಾಗೆ ಎರಡರಷ್ಟು ಅಗಲವಾಗುತ್ತದೆ. ಸೆಂಟರಿಂಗ್ ಆ ಅಗಲದ ನಡುವಕ್ಕೆ ಹೋಗಲು ನೋಡುತ್ತದೆ. ನಡುವೆ ಇರುವುದು ಕವಲಿನ ಮೂಲೆ. ಈ ಜಾಗದಲ್ಲಿ ಹಿಡಿತ ಬಿಗಿ ಮಾಡಿ.

ಕಡಿದಾದ ತಿರುವಿನಲ್ಲೂ ನಂಬಬೇಡಿ. ತಿರುಗಿಸುವ ಬಲಕ್ಕೆ ಮಿತಿ ಇದೆ ಅಂತ ಮೇಲೆ ಹೇಳಿದೆನಲ್ಲ, ನೀವು ಸುಲಭವಾಗಿ ಗೆಲ್ಲಲೆಂದು ಇಟ್ಟ ಆ ಮಿತಿಯಿಂದಲೂ ಅದು ಕಡಿದಾದ ತಿರುವಿನಲ್ಲಿ ಸೋಲಬಹುದು. ಅರ್ಧ ತಿರುವಿನಲ್ಲಿ ಕೈಬಿಟ್ಟರೆ ಕಾರು ನೇರವಾಗಿ ಹೊರಗಿನ ಗೆರೆಯ ಕಡೆ ಹೋಗುತ್ತದೆ.

ಇನ್ನು ಅಂಚಿನಲ್ಲಿ ಸೈಕಲ್ ಸವಾರ ಇದ್ದಾಗ. ನೀವು ಅವರಿಗೆ ಜಾಗ ಬಿಡಲು ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಿ. ಕಾರಿಗೆ ಗೆರೆ ಮಾತ್ರ ಗೊತ್ತು, ವಾಪಸ್ ಒಳಕ್ಕೆ, ಅಂದರೆ ಸವಾರನ ಕಡೆಗೆ ಒತ್ತಬಹುದು. ಪರಿಹಾರ ಸುಲಭ: ಜಾಗ ಬಿಡುವ ಮೊದಲು ಇಂಡಿಕೇಟರ್ ಹಾಕಿ. ಎಳೆತ ನಿಲ್ಲುತ್ತದೆ, ಹಿಂದಿನವರಿಗೂ ಗೊತ್ತಾಗುತ್ತದೆ.

ಗೆರೆಯೇ ಇಲ್ಲದ ರಸ್ತೆ, ಊರೊಳಗಿನ ಗಿಜಿಗಿಜಿ, ಕಿರಿದಾದ ಘಾಟಿ, ಇಲ್ಲೆಲ್ಲ ಇದರ ಕೆಲಸ ಇಲ್ಲ.

ಹಂತ 7: ಗಾಜು ಬದಲಿಸಿದರೆ ಕ್ಯಾಲಿಬ್ರೇಷನ್ ಮಾಡಿಸಿ

ನನ್ನ ಕಾರಿನ ಮುಂದಿನ ಗಾಜಿಗೆ ಕಲ್ಲು ಬಿದ್ದು ಸೀಳಿತು. ಗಾಜು ಬದಲಿಸಿ ಕೊಟ್ಟರು, ಕೆಲಸ ನೀಟಾಗಿತ್ತು. ಮರುದಿನ ಹೆದ್ದಾರಿಗೆ ಹೋದರೆ ಐಕಾನ್ ಹಸಿರು, ಆದರೆ ಕಾರು ಬಲಗಡೆಯ ಗೆರೆಯನ್ನೇ ತಬ್ಬಿಕೊಂಡು ಹೋಗುತ್ತಿತ್ತು. ನಾನು ನಡುವಕ್ಕೆ ತರುವುದು, ಅದು ಮೆಲ್ಲಗೆ ಬಲಕ್ಕೆ ಎಳೆಯುವುದು. ಹತ್ತು ನಿಮಿಷಕ್ಕೆ ಮುಂಗೈ ನೋಯತೊಡಗಿತು. ಕ್ಯಾಮೆರಾ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದರ ನೋಟದ ದಿಕ್ಕನ್ನು ಅಳೆದು ಸರಿಹೊಂದಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಲೆಕ್ಕ ನೋಡಿ. ಕ್ಯಾಮೆರಾ 1 ಡಿಗ್ರಿ ತಿರುಗಿ ಕೂತರೆ 50 ಮೀಟರ್ ಮುಂದೆ ಆ ತಪ್ಪು ಸುಮಾರು 87 ಸೆಂಟಿಮೀಟರ್ ಆಗುತ್ತದೆ. ಶುರುವಿನಲ್ಲಿ ಹೇಳಿದ ಆ 85 ಸೆಂಟಿಮೀಟರ್ ಜಾಗ ಪೂರ್ತಿ ಅಲ್ಲೇ ಮುಗಿಯಿತು. ಕಾರಿನ ಕಂಪ್ಯೂಟರಿಗೆ ದೋಷ ಇದೆ ಅಂತ ಗೊತ್ತಾಗದೆಯೂ ಇರಬಹುದು, ಯಾಕೆಂದರೆ ಅದಕ್ಕೆ ಗೆರೆಗಳು ಚೆನ್ನಾಗಿಯೇ ಕಾಣುತ್ತಿರುತ್ತವೆ.

ಕ್ಯಾಲಿಬ್ರೇಷನ್ ಎರಡು ಥರ. ಸ್ಟಾಟಿಕ್ ಅಂದರೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಮುಂದೆ ಅಳತೆ ಮಾಡಿದ ದೂರದಲ್ಲಿ ಕಪ್ಪು ಬಿಳುಪು ಗುರುತಿನ ಹಲಗೆ ಇಟ್ಟು ಕ್ಯಾಮೆರಾಕ್ಕೆ ತೋರಿಸುವುದು. ಡೈನಾಮಿಕ್ ಅಂದರೆ ಸ್ಕ್ಯಾನ್ ಟೂಲ್ (ಕಾರಿನ ಕಂಪ್ಯೂಟರಿಗೆ ಹಾಕಿ ನೋಡುವ ಸಾಧನ) ಜೋಡಿಸಿ, ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಹೇಳಿದ ವೇಗದಲ್ಲಿ ಓಡಿಸುವುದು. ಯಾವುದು ಬೇಕು ಅಂತ ಕಾರಿನ ತಯಾರಕರು ಹೇಳುತ್ತಾರೆ, ಕೆಲವಕ್ಕೆ ಎರಡೂ ಬೇಕು. ಗಾಜು ಬದಲಿಸಲು ಕೊಡುವ ಮೊದಲೇ ಕೇಳಿ: ಕ್ಯಾಲಿಬ್ರೇಷನ್ ನೀವೇ ಮಾಡುತ್ತೀರಾ, ಮುಗಿದ ಮೇಲೆ ರಿಪೋರ್ಟ್ ಕೊಡುತ್ತೀರಾ? ವಿಮೆ ಇದ್ದರೆ ಅದರಲ್ಲಿ ಇದು ಸೇರಿದೆಯಾ ಅಂತಲೂ ನೋಡಿ.

ಗಾಜು ಒಂದೇ ಅಲ್ಲ. ಅಪಘಾತದ ರಿಪೇರಿ, ಸಸ್ಪೆನ್ಷನ್ ಕೆಲಸ, ಕಾರಿನ ಎತ್ತರ ಬದಲಿಸಿದ್ದು, ಹಲವು ಕಾರುಗಳಲ್ಲಿ ವೀಲ್ ಅಲೈನ್‌ಮೆಂಟ್ ಆದ ಮೇಲೂ ಇದು ಬೇಕಾಗುತ್ತದೆ. ಕಾರು ಒಂದು ಕಡೆ ಎಳೆಯುತ್ತಿದ್ದರೆ ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಲೇನ್ ಅಸಿಸ್ಟ್ ಆಫ್ ಮಾಡಿ ಓಡಿಸಿ. ಆಫ್ ಮಾಡಿದಾಗಲೂ ಎಳೆದರೆ ಸಮಸ್ಯೆ ಚಕ್ರದಲ್ಲಿದೆ, ಆನ್ ಇದ್ದಾಗ ಮಾತ್ರ ಎಳೆದರೆ ಕ್ಯಾಮೆರಾದ ಕಡೆ ನೋಡಬೇಕು. ನನ್ನ ಕಾರಿನಲ್ಲಿ ಗೊತ್ತಾಗಿದ್ದು ಹೀಗೆಯೇ. ಹಲಗೆ ಇಟ್ಟು ಕ್ಯಾಲಿಬ್ರೇಟ್ ಮಾಡಿಸಿದ ಮೇಲೆ ಅದೇ ರಸ್ತೆಯಲ್ಲಿ ನಡುವೆ ಹೋಯಿತು.

ಹಂತ 8: ಕೀ ಕೊಡುವ ಮೊದಲು

ಮನೆಯಲ್ಲಿ ಬೇರೆಯವರೂ ಅದೇ ಕಾರು ಓಡಿಸುತ್ತಿದ್ದರೆ, ನಾಲ್ಕನೇ ಹಂತವನ್ನು ಅವರಿಂದಲೂ ಮಾಡಿಸಿ. ಲೇನ್ ಅಸಿಸ್ಟ್ ಇಲ್ಲದ ಕಾರು ಓಡಿಸಿ ಅಭ್ಯಾಸ ಇರುವವರಿಗೆ ಮೊದಲ ಎಳೆತ ಹೆದ್ದಾರಿಯಲ್ಲಿ ಒಬ್ಬರೇ ಇದ್ದಾಗ ಬಂದರೆ ಗಾಬರಿಯಲ್ಲಿ ಸ್ಟೀರಿಂಗನ್ನು ಜೋರಾಗಿ ಉಲ್ಟಾ ತಿರುಗಿಸಿಬಿಡುತ್ತಾರೆ. ಬಟನ್ ಎಲ್ಲಿದೆ, ಹಸಿರು ಐಕಾನ್ ಅಂದರೆ ಏನು, ಇಂಡಿಕೇಟರ್ ಹಾಕಿದರೆ ಎಳೆತ ನಿಲ್ಲುತ್ತದೆ, ಈ ಮೂರು ಹೇಳಿ. ಅಭ್ಯಾಸಕ್ಕೆ ಹೊತ್ತಿಲ್ಲದಿದ್ದರೆ ಅವರಿಗೆ ಕೀ ಕೊಡುವಾಗ ನೀವೇ ಆಫ್ ಮಾಡಿ ಕೊಡಿ, ಆಫ್ ಮಾಡಿದ್ದೇನೆ ಅಂತ ಹೇಳಿ. ಸ್ಟಾರ್ಟ್ ಮಾಡಿದಾಗಲೆಲ್ಲ ತಾನೇ ಆನ್ ಆಗುವ ಕಾರಾದರೆ ಅದನ್ನೂ ಹೇಳಿ.